60 ಲಕ್ಷದ ಮನೆಗೆ ಕೈಯಲ್ಲೆಷ್ಟಿರಬೇಕು?

ಪ್ರಶ್ನೆ: ಮೈಸೂರಿನಲ್ಲಿ 60 ಲಕ್ಷದ ಫ್ಲ್ಯಾಟ್ ನೋಡಿದ್ದೇವೆ. ನಮ್ಮ ಕೈಯಿಂದ ಎಷ್ಟು ಹಾಕಬೇಕಾದೀತು?

ಉತ್ತರ: 12 ಲಕ್ಷವೆಂದು ಹಲವರು ಲೆಕ್ಕ ಹಾಕುತ್ತಾರೆ, ಸಾಲದು. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಗೃಹಸಾಲ ಮನೆಯ ಬೆಲೆಯ ಶೇ 80 ದಾಟುವಂತಿಲ್ಲ. ಆ ಬೆಲೆಯಲ್ಲಿ ನೋಂದಣಿ ಖರ್ಚು ಸೇರುವುದೇ ಇಲ್ಲ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೇರಿದೆ. ಇವೇ ನಾಲ್ಕೂವರೆ ಲಕ್ಷ. ಅಲ್ಲಿಗೆ ಹದಿನಾರೂವರೆ ಆಯಿತು. ವಕೀಲರ ಫೀಸು ಬೇರೆ. (ಗೃಹಪ್ರವೇಶದ ಊಟವನ್ನಂತೂ ಯಾರೂ ಮೊದಲೇ ಬರೆದಿಡುವುದಿಲ್ಲ.)

48 ಲಕ್ಷದ ಸಾಲಕ್ಕೆ ಶೇ 8.5ರ ಬಡ್ಡಿ, 20 ವರ್ಷವೆಂದರೆ ಕಂತು ಸುಮಾರು 41,700 ರೂಪಾಯಿ. ಅದರಲ್ಲಿ ಈಗಿನ ಬಾಡಿಗೆ ಕಳೆದು ಉಳಿದದ್ದನ್ನು ಆರು ತಿಂಗಳು ಆರ್‌ಡಿಗೆ ಕಟ್ಟಿ ನೋಡಿ. ತಿಣುಕಾಡಿದರೆ, ಚಿಕ್ಕ ಮನೆ ಹುಡುಕಿ.