ಮೂಳೆಯ ಕ್ಯಾನ್ಸರ್: ಸಂಕೇತ ತಡೆಯುವ ಮಾತ್ರೆ ಮತ್ತು ಅದರ ಬೆಲೆ

ಆಸ್ಟಿಯೋಸಾರ್ಕೋಮ ಎಂಬ ಮೂಳೆಯ ಕ್ಯಾನ್ಸರ್ ಹೆಚ್ಚಾಗಿ ಹದಿಹರೆಯದವರ ಮೊಣಕಾಲಿನ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆ, ಕೀಮೋಥೆರಪಿಗಳ ನಂತರವೂ ಶ್ವಾಸಕೋಶಕ್ಕೆ ಹಬ್ಬಿದಲ್ಲಿ ವೈದ್ಯರ ಮುಂದೆ ಉಳಿಯುವ ಮಾರ್ಗಗಳು ಕೆಲವೇ. ಜೀವಕೋಶಕ್ಕೆ ಬೆಳೆಯುವ ಆದೇಶವನ್ನು ಒಯ್ಯುವ ಸಂಕೇತ ಸರಣಿಯನ್ನೇ ತಡೆಯುವ ಮಾತ್ರೆ ಅವುಗಳಲ್ಲೊಂದು.

ಇಟಲಿಯಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 35 ರೋಗಿಗಳಿಗೆ ಸೊರಾಫೆನಿಬ್ ನೀಡಲಾಯಿತು. ನಾಲ್ಕು ತಿಂಗಳ ಹೊತ್ತಿಗೆ ಶೇ. 46ರಷ್ಟು ಮಂದಿಯಲ್ಲಿ ರೋಗ ಉಲ್ಬಣಿಸಿರಲಿಲ್ಲ. ಆದರೆ ಒಂದು ದಾರಿ ಮುಚ್ಚಿದರೆ ಜೀವಕೋಶವು ಎಂಟಾರ್ ಎಂಬ ಇನ್ನೊಂದು ದಾರಿ ಹಿಡಿಯುತ್ತದೆ. ಅದನ್ನೂ ಮುಚ್ಚಲು ಎವೆರೋಲಿಮಸ್ ಸೇರಿಸಿ ನೋಡಿದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. 38 ಮಂದಿಯ ಪೈಕಿ 17 ಮಂದಿಗೆ ಆರು ತಿಂಗಳು ದೊರೆಯಿತು; ಅರ್ಧದಷ್ಟು ಎಂಬ ಗುರಿ ಮುಟ್ಟಲಿಲ್ಲ. ವ್ಯಾಪಾರಸ್ಥರ ಮಾತಿನಲ್ಲಿ ಹೇಳುವುದಾದರೆ ಇದು ಸಾಲದ ತೀರುವಳಿಯಲ್ಲ, ವಾಯಿದೆಯ ವಿಸ್ತರಣೆ.

ಆ ವಾಯಿದೆಗೆ ತೆರಬೇಕಾದ ಬೆಲೆಯೆಷ್ಟು? ಬೇಯರ್ ಕಂಪನಿಯ ದರ ತಿಂಗಳಿಗೆ ಸುಮಾರು 2.80 ಲಕ್ಷ ರೂಪಾಯಿ ಇತ್ತು. 2012ರ ಮಾರ್ಚ್‌ನಲ್ಲಿ ಪೇಟೆಂಟ್ ನಿಯಂತ್ರಕರು ಹೈದರಾಬಾದಿನ ನ್ಯಾಟ್ಕೋ ಸಂಸ್ಥೆಗೆ ಕಡ್ಡಾಯ ಪರವಾನಗಿ ನೀಡಿ, 8,880 ರೂಪಾಯಿ ದರವನ್ನೂ ಶೇ. 6ರ ರಾಯಧನವನ್ನೂ ಗೊತ್ತುಪಡಿಸಿದರು. ಮೇಲ್ಮನವಿಯಲ್ಲಿ ರಾಯಧನ ಶೇ. 7ಕ್ಕೇರಿತು, ಪರವಾನಗಿ ಉಳಿಯಿತು. 2020ರಲ್ಲಿ ಆ ಪೇಟೆಂಟಿನ ಅವಧಿಯೇ ಮುಗಿಯಿತು.

ಆದರೂ ತೊಡಕೊಂದಿದೆ. ಪರವಾನಗಿ ದೊರೆತದ್ದು ಯಕೃತ್ತು, ಮೂತ್ರಪಿಂಡಗಳ ಕ್ಯಾನ್ಸರಿಗೆ. ಮೂಳೆಗೆ ಬಳಸುವುದು ವೈದ್ಯರ ವಿವೇಚನೆಗೆ ಬಿಟ್ಟದ್ದು. ಆದುದರಿಂದ ಔಷಧ ಕೊಳ್ಳುವ ಮೊದಲೇ ವೈದ್ಯರ ಅಭಿಪ್ರಾಯವನ್ನು ಬರಹದಲ್ಲಿ ಪಡೆದು, ವಿಮಾ ಕಂಪನಿಯ ಒಪ್ಪಿಗೆ ಕೇಳುವುದು ಕುಟುಂಬಕ್ಕೆ ಕ್ಷೇಮ.