ಪಾಸ್‌ಪೋರ್ಟ್ ಬಂತು, ಪದವಿಗೆ ಬೆಲೆ ಬರಲಿಲ್ಲ

ವಲಸೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಗಂಟುಮೂಟೆ ಹೊತ್ತು ರೈಲು ಹತ್ತುವ ಕೂಲಿಯವರ ಚಿತ್ರ. ಲ್ಯಾಟಿನ್ ಅಮೆರಿಕದ ವಲಸೆ ಅಂದರಂತೂ ಮುಗಿಯಿತು: ಮೆಕ್ಸಿಕೋ ಗಡಿಯ ಬೇಲಿ, ಅದನ್ನು ದಾಟುವ ಬಡವರು, ಬೆನ್ನಟ್ಟುವ ಪೊಲೀಸರು. ಪೇಪರಿನಲ್ಲಿ, ಟೀವಿಯಲ್ಲಿ ನಾವು ನೋಡುವುದೂ ಅದನ್ನೇ. ಆದರೆ ಅದೇ ನೆಲದಿಂದ ಡಾಕ್ಟರು, ಎಂಜಿನಿಯರು, ದಂತವೈದ್ಯರು, ಕಾಲೇಜು ಮೇಷ್ಟರು ಸಾವಿರಗಟ್ಟಲೆ ಹೊರಬಿದ್ದ ಕಥೆ ನಮ್ಮ ಕಿವಿಗೆ ಅಷ್ಟಾಗಿ ಬಿದ್ದಿಲ್ಲ. ಇವರ ಪೆಟ್ಟಿಗೆಯಲ್ಲಿ, ಬಟ್ಟೆಬರೆಯ ಅಡಿಯಲ್ಲಿ, ಮಡಚದೆ ಜೋಪಾನವಾಗಿ ಇಟ್ಟ ಒಂದು ಕಾಗದ ಇರುತ್ತದೆ. ಅದು ಪದವಿ ಪತ್ರ. ಊರಲ್ಲಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ ಆ ಕಾಗದ ಪರದೇಶದಲ್ಲಿ ನಡೆಯುತ್ತದೋ ಇಲ್ಲವೋ ಎಂಬುದರ ಮೇಲೆಯೇ ಅವರ ಮುಂದಿನ ಬಾಳು ನಿಂತಿದೆ.

ಸೀಟಿ ಊದಿ ಮನೆಗೆ ಕಳಿಸಿದರು

ಮೊದಲು ವೆನೆಜುವೆಲಾದ ಮಾತು. ತೈಲವೇ ಆ ದೇಶದ ಬೆನ್ನೆಲುಬು. ಸರಕಾರಿ ತೈಲ ಕಂಪನಿ ಪಿಡಿವಿಎಸ್‌ಎಯಲ್ಲಿ ಕೆಲಸ ಸಿಕ್ಕಿದರೆ ಸಾಕು, ಜನ್ಮ ಸಾರ್ಥಕ ಅನ್ನುವ ಕಾಲವೊಂದಿತ್ತು. 2002ರ ಏಪ್ರಿಲ್ 7, ಭಾನುವಾರ. ಅಧ್ಯಕ್ಷ ಹ್ಯೂಗೋ ಚಾವೆಜ್ ತಮ್ಮ ಟೀವಿ ಕಾರ್ಯಕ್ರಮದಲ್ಲಿ ಕಂಪನಿಯ ಹಿರಿಯ ಅಧಿಕಾರಿಗಳ ಹೆಸರು ಓದಿ, ಫುಟ್‌ಬಾಲ್ ರೆಫ್ರಿಯ ಹಾಗೆ ಸೀಟಿ ಊದಿ, ಕೆಲಸದಿಂದ ತೆಗೆದರು. ಅದೇ ಡಿಸೆಂಬರಿನಲ್ಲಿ ಶುರುವಾದ ದೊಡ್ಡ ಮುಷ್ಕರ 2003ರ ಫೆಬ್ರವರಿ ಹೊತ್ತಿಗೆ ತಣ್ಣಗಾದಾಗ, ಕಂಪನಿಯಿಂದ ಸುಮಾರು 18,000 ಮಂದಿ ಹೊರಬಿದ್ದಿದ್ದರು. ಭೂಗರ್ಭ ಬಲ್ಲವರು, ಬಾವಿ ಕೊರೆಯುವುದನ್ನು ಕರತಲಾಮಲಕ ಮಾಡಿಕೊಂಡವರು.

ಇವರಲ್ಲಿ ಅನೇಕರು ಪಕ್ಕದ ಕೊಲಂಬಿಯಕ್ಕೆ, ಕೆನಡಾದ ಆಲ್ಬರ್ಟಾ ಪ್ರಾಂತಕ್ಕೆ, ಕೊಲ್ಲಿ ದೇಶಗಳಿಗೆ ಹೋದರು. ಅವರನ್ನು ಅಲ್ಲಿ ಯಾರೂ ಕೀಳಾಗಿ ನೋಡಲಿಲ್ಲ, ಕರೆದು ಕುರ್ಚಿ ಕೊಟ್ಟರು. ಕೊಲಂಬಿಯದ ರೂಬಿಯಾಲೆಸ್ ಎಂಬಲ್ಲಿನ ಗಟ್ಟಿ ತೈಲದ ಬಾವಿಗಳನ್ನು ಎತ್ತಿ ನಿಲ್ಲಿಸಿದ್ದರಲ್ಲಿ ಈ ವೆನೆಜುವೆಲಾದವರ ಕೈ ದೊಡ್ಡದು. 2013ರ ಹೊತ್ತಿಗೆ ಕೊಲಂಬಿಯ ದಿನಕ್ಕೆ ಸುಮಾರು 10 ಲಕ್ಷ ಪೀಪಾಯಿ ತೈಲ ತೆಗೆಯುವ ಮಟ್ಟ ಮುಟ್ಟಿತು. ಕಳೆದುಕೊಂಡ ದೇಶ ಯಾವುದು, ಗಳಿಸಿಕೊಂಡ ದೇಶ ಯಾವುದು, ನೀವೇ ಲೆಕ್ಕ ಹಾಕಿ.

ಆದರೆ ಎಲ್ಲರ ಹಣೆಬರಹವೂ ಹಾಗಿರಲಿಲ್ಲ. 2014ರಲ್ಲಿ ತೈಲದ ಬೆಲೆ ಕುಸಿಯಿತು, ಆಮೇಲೆ ಹಣದುಬ್ಬರ ಆಕಾಶಕ್ಕೇರಿತು, ಮೇಷ್ಟರ ತಿಂಗಳ ಸಂಬಳ ಕೆಲವೇ ಡಾಲರಿಗೆ ಇಳಿಯಿತು. ಆಗ ಹೊರಟವರು ವಿಮಾನ ಹತ್ತಲಿಲ್ಲ. ಕುಕುಟಾ ಪಟ್ಟಣದ ಬಳಿ ಗಡಿಯ ಸೇತುವೆಯನ್ನು ನಡೆದೇ ದಾಟಿದರು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ಲೆಕ್ಕದಂತೆ 2023ರ ಕೊನೆಗೆ ದೇಶ ಬಿಟ್ಟವರ ಸಂಖ್ಯೆ 77 ಲಕ್ಷ ದಾಟಿತ್ತು. ತೈಲ ಎಂಜಿನಿಯರನಿಗೆ ತೈಲ ಎಲ್ಲಿದ್ದರೂ ತೈಲವೇ. ಆದರೆ ಡಾಕ್ಟರಿಗೆ, ವಕೀಲನಿಗೆ, ಮೇಷ್ಟರಿಗೆ ಗಡಿ ದಾಟಿದ ಮೇಲೆ ಪರವಾನಗಿ ಬೇಕು. ತೊಡಕು ಶುರುವಾಗುವುದು ಅಲ್ಲಿಂದಲೇ.

ಎರಡು ವರ್ಷದ ಪೌರತ್ವ

ಈಗ ಸ್ಪೇನ್ ದೇಶಕ್ಕೆ ಬನ್ನಿ. ಲ್ಯಾಟಿನ್ ಅಮೆರಿಕದಲ್ಲಿ ಹುಟ್ಟಿ ಅಲ್ಲಿ ನೆಲೆಸಿದವರು 40 ಲಕ್ಷಕ್ಕೂ ಹೆಚ್ಚು. ಅವರಿಗೆ ಆ ದೇಶ ಒಂದು ದೊಡ್ಡ ಸವಲತ್ತು ಕೊಟ್ಟಿದೆ. ಬೇರೆ ವಿದೇಶೀಯರು ಪೌರತ್ವ ಕೇಳಬೇಕಾದರೆ ಸಾಮಾನ್ಯವಾಗಿ ಹತ್ತು ವರ್ಷ ಕಾನೂನುಬದ್ಧವಾಗಿ ವಾಸ ಮಾಡಿರಬೇಕು. ಹಳೆಯ ಸ್ಪೇನ್ ವಸಾಹತುಗಳವರಿಗೆ, ಬ್ರೆಜಿಲಿನವರಿಗೆ ಎರಡೇ ವರ್ಷ ಸಾಕು. ಸ್ಪೇನಿನ ರಾಜಕೀಯ, ಸಂಸ್ಕೃತಿ ಕುರಿತು 25 ಪ್ರಶ್ನೆಗಳ ಪರೀಕ್ಷೆ ಇದೆ, 15 ಸರಿ ಬರೆದರೆ ಪಾಸು. ಸ್ಪ್ಯಾನಿಷ್ ಮಾತಾಡುವ ದೇಶದಿಂದ ಬಂದವರಿಗೆ ಭಾಷಾ ಪರೀಕ್ಷೆಯೂ ಇಲ್ಲ. ಹಳೆಯ ಪೌರತ್ವ ಬಿಡಬೇಕೆಂದೂ ಇಲ್ಲ. ಇದಕ್ಕಿಂತ ಇನ್ನೇನು ಬೇಕು ಅಂತೀರಾ?

ಬೇಕಾದದ್ದು ಕೆಲಸ. ಸ್ಪೇನಿನಲ್ಲಿ ವೈದ್ಯ ವೃತ್ತಿ ಮಾಡಬೇಕಾದರೆ ಹೊರಗಿನ ಪದವಿಗೆ ಸರಕಾರದ ಮಾನ್ಯತೆ ಪಡೆಯಬೇಕು. ಅಲ್ಲಿಯವರು ಇದಕ್ಕೆ ‘ಓಮೊಲೊಗಾಸಿಯೋನ್’ ಅನ್ನುತ್ತಾರೆ. ಈ ಒಂದು ಶಬ್ದ ಕೇಳಿದರೆ ಮ್ಯಾಡ್ರಿಡ್‌ನ ವಲಸೆ ವೈದ್ಯರ ಮುಖ ಸಣ್ಣದಾಗುತ್ತದೆ. ಅಂಕಪಟ್ಟಿ, ಪಾಠಕ್ರಮದ ವಿವರ, ಅದರ ಮೇಲೆ ‘ಅಪೊಸ್ಟಿಲ್’ ಎಂಬ ಅಂತರರಾಷ್ಟ್ರೀಯ ಮೊಹರು, ಎಲ್ಲವೂ ಊರಿನಿಂದಲೇ ಬರಬೇಕು. ಸರಕಾರಿ ಕಚೇರಿಗಳೇ ನಡೆಯದ ಕಾಲದಲ್ಲಿ ವೆನೆಜುವೆಲಾದಿಂದ ಒಂದು ಮೊಹರು ತರಿಸುವುದೆಂದರೆ ಏನು ತಮಾಷೆಯೇ? 2022ರ ಹೊಸ ಆದೇಶ ಆರು ತಿಂಗಳೊಳಗೆ ಅರ್ಜಿ ತೀರ್ಮಾನವಾಗಬೇಕು ಎಂದಿತು. ಆದರೆ ಕಡತಗಳ ರಾಶಿ ಆದೇಶ ಓದಿ ಕರಗುವುದಿಲ್ಲ. ಎರಡು ವರ್ಷ ದಾಟಿದರೂ ಉತ್ತರ ಬಾರದ ಅರ್ಜಿಗಳು ಉಂಟು.

ಹೀಗಾಗಿ ವಿಚಿತ್ರವೊಂದು ನಡೆಯುತ್ತದೆ. ಪೌರತ್ವ ಮೊದಲು, ವೃತ್ತಿ ಆಮೇಲೆ. ಮತ ಹಾಕುವ ಹಕ್ಕು ಬಂದಿರುತ್ತದೆ, ಸ್ಟೆತಸ್ಕೋಪ್ ಹಿಡಿಯುವ ಹಕ್ಕು ಬಂದಿರುವುದಿಲ್ಲ. ಕಾಯುವ ಆ ವರ್ಷಗಳಲ್ಲಿ ಹೊಟ್ಟೆಪಾಡು ನಡೆಯಬೇಕಲ್ಲ? ಹೆಂಗಸರಾದರೆ ಮುದುಕರಿರುವ ಮನೆಯಲ್ಲಿ ಅಲ್ಲೇ ಉಳಿದು ಆರೈಕೆ ಮಾಡುವ ಕೆಲಸ, ಗಂಡಸರಾದರೆ ಹೋಟೆಲಿನ ಅಡಿಗೆಮನೆ, ಇಲ್ಲವೇ ಸೈಕಲ್ ಏರಿ ಮನೆಮನೆಗೆ ಊಟದ ಪಾರ್ಸೆಲ್ ಮುಟ್ಟಿಸುವ ಕೆಲಸ. ಹತ್ತು ವರ್ಷ ರೋಗಿಗಳ ನಾಡಿ ನೋಡಿದ ಕೈ ಹತ್ತು ವರ್ಷ ಸುಮ್ಮನಿದ್ದರೆ ಕಲಿತದ್ದು ಕೈಬಿಟ್ಟು ಹೋಗುತ್ತದೆ. ಆ ನಷ್ಟವನ್ನು ಯಾವ ಪಾಸ್‌ಪೋರ್ಟೂ ತುಂಬಿಕೊಡದು.

ಅಮೆರಿಕದಲ್ಲಿ ತಿರುಗಾಮುರುಗಾ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದೇ ಕಥೆ ಉಲ್ಟಾ. 1994ರ ಜನವರಿ 1ರಂದು ಜಾರಿಗೆ ಬಂದ ನಾಫ್ಟಾ ಒಪ್ಪಂದದಲ್ಲಿ ಕೆನಡಾ ಮತ್ತು ಮೆಕ್ಸಿಕೋದ ವೃತ್ತಿಪರರಿಗೆಂದು ‘ಟಿಎನ್’ ಎಂಬ ದರ್ಜೆ ಮಾಡಿದರು. ಎಂಜಿನಿಯರು, ಲೆಕ್ಕಪರಿಶೋಧಕ, ವಿಜ್ಞಾನಿ, ಹೀಗೆ ಪಟ್ಟಿಯಲ್ಲಿರುವ ವೃತ್ತಿಯವರಿಗೆ ಕೆಲಸದ ಬಾಗಿಲು ತೆರೆಯಿತು. ಆದರೆ ಕೆನಡಾದವರಿಗೆ ಮಿತಿಯಿಲ್ಲ, ಮೆಕ್ಸಿಕೋದವರಿಗೆ ಮಾತ್ರ ವರ್ಷಕ್ಕೆ 5,500 ಎಂಬ ಮಿತಿ. ಆ ಭೇದ 2004ರಲ್ಲಿ ಹೋಯಿತು. 2020ರ ಜುಲೈನಲ್ಲಿ ನಾಫ್ಟಾ ಹೋಗಿ ಹೊಸ ಒಪ್ಪಂದ ಬಂದಾಗಲೂ ಈ ದರ್ಜೆ ಉಳಿದುಕೊಂಡಿತು.

ಟಿಎನ್‌ನಲ್ಲಿ ಹೋದವರಿಗೆ ಕೆಲಸಕ್ಕೆ ಕೊರತೆಯಿಲ್ಲ. ಮೂರು ಮೂರು ವರ್ಷಕ್ಕೆ ನವೀಕರಿಸುತ್ತಾ ಎಷ್ಟು ಕಾಲವಾದರೂ ಇರಬಹುದು. ಆದರೆ ‘ನಾನು ಇಲ್ಲಿ ಕಾಯಂ ಆಗಿ ಉಳಿಯಲು ಬಂದವನಲ್ಲ’ ಎಂದು ಪ್ರತಿ ಸಲವೂ ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಜೊತೆಗೆ ಹೋದ ಹೆಂಡತಿ ಅಥವಾ ಗಂಡ ಸಂಬಳದ ಕೆಲಸ ಮಾಡುವಂತಿಲ್ಲ, ಅವರದೂ ಎಂಜಿನಿಯರಿಂಗ್ ಪದವಿಯೇ ಆಗಿದ್ದರೂ ಅಷ್ಟೇ. ನಮ್ಮ ಬೆಂಗಳೂರು, ಹುಬ್ಬಳ್ಳಿಯ ಹುಡುಗರು ಹೋಗುವ ಎಚ್-1ಬಿ ವೀಸಾದಲ್ಲಿ ಹಸಿರು ಕಾರ್ಡಿಗೆ ಅರ್ಜಿ ಹಾಕುವ ದಾರಿಯಾದರೂ ಇದೆ. ಒಂದು ದೇಶಕ್ಕೆ ಶೇಕಡಾ 7 ಎಂಬ ಮಿತಿಯಿಂದ ಆ ಸರದಿ ಹನುಮಂತನ ಬಾಲವಾಗಿದೆ, ಅದು ಬೇರೆ ಮಾತು. ಸ್ಪೇನಿನಲ್ಲಿ ಪೌರನಾದ ಡಾಕ್ಟರು ಡಾಕ್ಟರಾಗಲು ಕಾಯುತ್ತಾರೆ. ಟೆಕ್ಸಾಸಿನಲ್ಲಿ ಎಂಜಿನಿಯರಾಗಿಯೇ ಇರುವವನು ಪೌರನಾಗಲು ಕಾಯುತ್ತಾನೆ.

ನೀನು ಯಾರು?

ಕಾಗದಪತ್ರ ಸರಿಹೋದರೂ ಒಂದು ಪ್ರಶ್ನೆ ಉಳಿಯುತ್ತದೆ. ಲೀಮಾದಿಂದ ಹೊರಟವರು ಊರಲ್ಲಿ ಪೆರುವಿನವರು, ಬೊಗೊಟದವರು ಕೊಲಂಬಿಯದವರು. ಅಮೆರಿಕದ ನೆಲ ಮುಟ್ಟಿದೊಡನೆ ಎಲ್ಲರೂ ಒಂದೇ ಗೋಣಿಚೀಲಕ್ಕೆ: ‘ಹಿಸ್ಪಾನಿಕ್’, ‘ಲ್ಯಾಟಿನೊ’. ಅಲ್ಲಿನ ಜನಗಣತಿ 1980ರಿಂದ ಎಲ್ಲ ಮನೆಗಳಿಗೂ ಈ ಹಿಸ್ಪಾನಿಕ್ ಪ್ರಶ್ನೆ ಕೇಳಿತು, 2000ದಲ್ಲಿ ‘ಲ್ಯಾಟಿನೊ’ ಶಬ್ದ ಸೇರಿಸಿತು. ಅದರ ಮೇಲೆ ಜನಾಂಗ ಯಾವುದು ಅಂತ ಇನ್ನೊಂದು ಪ್ರಶ್ನೆ. 2010ರಲ್ಲಿ ಇವರಲ್ಲಿ ಮೂರನೇ ಒಂದಕ್ಕೂ ಹೆಚ್ಚು ಮಂದಿ ಬಿಳಿಯರೂ ಅಲ್ಲ, ಕರಿಯರೂ ಅಲ್ಲ, ‘ಬೇರೆ ಯಾವುದೋ’ ಎಂದು ಗುರುತು ಹಾಕಿದರು. 2024ರಲ್ಲಿ ಅಮೆರಿಕ ಸರಕಾರ ಎರಡೂ ಪ್ರಶ್ನೆಗಳನ್ನು ಒಂದೇ ಮಾಡಲು ತೀರ್ಮಾನಿಸಿತು.

ಸ್ಪೇನಿನಲ್ಲಿ ಭಾಷೆ ಒಂದೇ, ಹಾಗಾಗಿ ತೊಂದರೆಯಿಲ್ಲ ಅಂತ ತಿಳಿಯಬೇಡಿ. ಅಲ್ಲಿ ಕಂಪ್ಯೂಟರಿಗೆ ‘ಒರ್ದೆನಾದೋರ್’, ಇವರಿಗೆ ‘ಕೊಂಪುತಾದೋರಾ’. ಅಲ್ಲಿ ಹಣ್ಣಿನ ರಸ ‘ಥೂಮೊ’, ಇವರಿಗೆ ‘ಹೂಗೊ’. ‘ತೆಗೆದುಕೊ’ ಅನ್ನಲು ಸ್ಪೇನಿನವರು ದಿನಕ್ಕೆ ನೂರು ಸಲ ಆಡುವ ಒಂದು ಮಾತು ಮೆಕ್ಸಿಕೋದಲ್ಲಿ, ಅರ್ಜೆಂಟೀನಾದಲ್ಲಿ ಆಡಬಾರದ ಮಾತು! ಬಾಯಿ ತೆರೆದರೆ ಸಾಕು, ‘ನೀನು ಆಚೆಯವನು’ ಅಂತ ಗೊತ್ತಾಗಿಬಿಡುತ್ತದೆ. ಕಾಸರಗೋಡಿನವರಿಗೆ, ಅಕ್ಕಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನ ಬಸ್ಸಿನಲ್ಲಿ ಎರಡು ಮಾತಾಡುವಷ್ಟರಲ್ಲಿ ‘ನಿಮ್ಮದು ಯಾವ ಕಡೆ?’ ಅಂತ ಕೇಳಿಸಿಕೊಂಡವರು ನೀವು.

ಅರ್ಜೆಂಟೀನಾದವರ ಪಾಡು ಇನ್ನೂ ಸ್ವಾರಸ್ಯ. ಇಪ್ಪತ್ತನೇ ಶತಮಾನದ ಮೊದಲಲ್ಲಿ ಸ್ಪೇನಿನ ಗಲೀಸಿಯ ಪ್ರಾಂತದಿಂದ ಬಡವರು ಹಡಗು ಹತ್ತಿ ಬ್ಯೂನಸ್ ಐರಿಸ್‌ಗೆ ಹೋದರು. ಅಲ್ಲಿ ಸ್ಪೇನಿನಿಂದ ಬಂದವರೆಲ್ಲರಿಗೂ ‘ಗಯೇಗೊ’ ಎಂಬ ಹೆಸರು ಬಿತ್ತು, ಅವರನ್ನು ಕುರಿತು ಚೇಷ್ಟೆಯ ಕಥೆಗಳೂ ಹುಟ್ಟಿದವು. 2001ರಲ್ಲಿ ಅರ್ಜೆಂಟೀನಾದ ಬ್ಯಾಂಕುಗಳು ಬಾಗಿಲು ಹಾಕಿದಾಗ ಅವರ ಮೊಮ್ಮಕ್ಕಳು ಅಜ್ಜನ ಜನ್ಮಪತ್ರ ಹುಡುಕಿಕೊಂಡು ಸ್ಪೇನಿಗೆ ಬಂದರು. ಇಲ್ಲಿ ಅವರಿಗೆ ಬಿದ್ದ ಹೆಸರು ‘ಸುದಾಕ’, ದಕ್ಷಿಣ ಅಮೆರಿಕದವರನ್ನು ಹೀಗಳೆಯುವ ಬೈಗುಳ. ಅಜ್ಜ ಅಲ್ಲಿ ಪರದೇಶಿ, ಮೊಮ್ಮಗ ಅಜ್ಜನ ಊರಲ್ಲೇ ಪರದೇಶಿ. ಆದರೂ ಕಾನೂನು ಅಜ್ಜನನ್ನು ಮರೆಯಲಿಲ್ಲ. 2007ರ ಕಾಯಿದೆ, ಆಮೇಲೆ 2022ರ ಕಾಯಿದೆ ಇಂಥ ಎಷ್ಟೋ ಮೊಮ್ಮಕ್ಕಳಿಗೆ ಪೌರತ್ವದ ದಾರಿ ಮಾಡಿಕೊಟ್ಟವು. ಇಟಲಿಯೂ ಹೀಗೇ ಉದಾರವಾಗಿತ್ತು, 2025ರಲ್ಲಿ ಮಾತ್ರ ಅಜ್ಜನಿಂದಾಚೆಗೆ ಹೋಗಬೇಡಿ ಎಂದು ಗೆರೆ ಎಳೆಯಿತು.

ಬಿಟ್ಟು ಬಂದ ದೇಶಗಳೂ ಮನಸ್ಸು ಬದಲಿಸಿವೆ. ಕೊಲಂಬಿಯ 1991ರ ಸಂವಿಧಾನದಲ್ಲಿ ಎರಡು ಪೌರತ್ವಕ್ಕೆ ಒಪ್ಪಿ, ಹೊರದೇಶದಲ್ಲಿರುವವರಿಗೆ ತನ್ನ ಸಂಸತ್ತಿನಲ್ಲೇ ಪ್ರಾತಿನಿಧ್ಯ ಕೊಟ್ಟಿತು. ಮೆಕ್ಸಿಕೋ 1998ರಿಂದ, ಹುಟ್ಟಿನಿಂದ ಮೆಕ್ಸಿಕನ್ ಆದವರು ಬೇರೆ ಪೌರತ್ವ ಪಡೆದರೂ ನಮ್ಮವರೇ ಎಂದಿತು. ನಮ್ಮ ದೇಶದಲ್ಲಿ ಹಾಗಿಲ್ಲ. ಬೇರೆ ಪೌರತ್ವ ಪಡೆದರೆ ಭಾರತದ್ದು ಹೋಯಿತು. ಓಸಿಐ ಕಾರ್ಡು ಇದ್ದರೆ ಬರಬಹುದು, ಇರಬಹುದು, ಮತ ಹಾಕುವಂತಿಲ್ಲ.

ಮನಸ್ಸು ಮಾಡಿದರೆ ಆಗುತ್ತದೆ

ಇದಕ್ಕೆಲ್ಲ ಪರಿಹಾರವೇ ಇಲ್ಲವೇ? ಇದೆ, ಅನ್ನುವುದಕ್ಕೆ ಸಾಕ್ಷಿಗಳಿವೆ. 2020ರ ಮಾರ್ಚಿನಲ್ಲಿ ಕೋವಿಡ್ ಬಂದು ಆಸ್ಪತ್ರೆಗಳು ತುಂಬಿದಾಗ, ಹೊರದೇಶದ ತಜ್ಞ ಪದವಿಯ ಮಾನ್ಯತೆ ಇನ್ನೂ ಪೂರ್ತಿಯಾಗದ ಕೆಲವರನ್ನೂ ಕೆಲಸಕ್ಕೆ ತೆಗೆದುಕೊಳ್ಳಲು ಸ್ಪೇನ್ ಆದೇಶ ಹೊರಡಿಸಿತು. ನಿನ್ನೆಯವರೆಗೆ ಆಗದ್ದು ಇವತ್ತು ಆಯಿತು! ಲಾಸ್ ಏಂಜಲೀಸಿನ ಯುಸಿಎಲ್‌ಎ ವಿಶ್ವವಿದ್ಯಾನಿಲಯ 2007ರಲ್ಲೇ ಒಂದು ಯೋಜನೆ ಹಾಕಿಕೊಂಡಿತು. ಲ್ಯಾಟಿನ್ ಅಮೆರಿಕದಲ್ಲಿ ಓದಿ ಬಂದು ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದ ಸ್ಪ್ಯಾನಿಷ್ ಬಲ್ಲ ಡಾಕ್ಟರರನ್ನು ಪರೀಕ್ಷೆಗೆ ಅಣಿಗೊಳಿಸುವುದು, ಆಮೇಲೆ ಅವರು ವೈದ್ಯರ ಕೊರತೆಯಿರುವ ಕ್ಯಾಲಿಫೋರ್ನಿಯದ ಪ್ರದೇಶಗಳಲ್ಲಿ ಸೇವೆ ಮಾಡುವುದು. ರೋಗಿಯ ಭಾಷೆ ಬಲ್ಲ ಡಾಕ್ಟರು ಸಿಕ್ಕಿದ್ದು ರೋಗಿಗೂ ಲಾಭವೇ.

ಕೊಲಂಬಿಯ ಶ್ರೀಮಂತ ದೇಶವೇನಲ್ಲ. ಆದರೂ 2019ರಲ್ಲಿ, ತನ್ನ ನೆಲದಲ್ಲಿ ವೆನೆಜುವೆಲಾದ ತಂದೆತಾಯಿಗೆ ಹುಟ್ಟಿ ಯಾವ ದೇಶದ ಪೌರತ್ವವೂ ಇಲ್ಲದಂತಾಗಿದ್ದ 24,000ಕ್ಕೂ ಹೆಚ್ಚು ಮಕ್ಕಳಿಗೆ ಪೌರತ್ವ ಕೊಟ್ಟಿತು. 2021ರಲ್ಲಿ ವೆನೆಜುವೆಲಾದವರಿಗೆ ಹತ್ತು ವರ್ಷ ಇದ್ದು ದುಡಿಯುವ ಪರವಾನಗಿಯ ವ್ಯವಸ್ಥೆ ಮಾಡಿತು.

ನಮ್ಮ ಮನೆಗಳಿಂದಲೂ ನರ್ಸುಗಳು, ಡಾಕ್ಟರು, ಎಂಜಿನಿಯರು ಪ್ರತಿವರ್ಷ ಹೊರಡುತ್ತಾರೆ. ಏಜೆಂಟರ ಮುಂದೆ ಕೂತಾಗ ನಾವು ಕೇಳುವುದು ಮೂರೇ ಪ್ರಶ್ನೆ: ವೀಸಾ ಎಷ್ಟು ವರ್ಷದ್ದು, ಸಂಬಳ ಎಷ್ಟು, ಹೋಗೋದು ಯಾವಾಗ. ನಾಲ್ಕನೆಯದನ್ನೂ ಕೇಳಿ: ಈ ಪದವಿ ಅಲ್ಲಿ ನಡೆಯುತ್ತದೆಯೇ, ನಡೆಸಲು ಯಾವ ಪರೀಕ್ಷೆ, ಯಾವ ಮೊಹರು, ಎಷ್ಟು ದಿನ? ಮೊಹರು ಬೇಕಿದ್ದರೆ ಊರಲ್ಲಿರುವಾಗಲೇ ಹಾಕಿಸಿಕೊಳ್ಳಿ. ವೆನೆಜುವೆಲಾದವರಿಗೆ ಆ ಪುರಸತ್ತು ಇರಲಿಲ್ಲ. ನಮಗೆ ಇದೆ.