ಬಾಳೆ ಕಡಿಯುವ ಒಡಿಕತ್ತಿ, ಬಾಗಿದರೂ ಮುರಿಯದ ಚೂರಿ

ಕೊಡವರ ಮದುವೆಗೆ ಹೋದವರು ಸಾಲಾಗಿ ನೆಟ್ಟ ಬಾಳೆದಿಂಡುಗಳನ್ನು ನೋಡಿರುತ್ತಾರೆ. ವಾಲಗ ಮೊಳಗುತ್ತಿರುವಾಗ ಹಿರಿಯರೊಬ್ಬರು ಮುಂದೆ ಬಂದು ಒಡಿಕತ್ತಿ ಎತ್ತುತ್ತಾರೆ. ಒಂದು ದಿಂಡಿಗೆ ಒಂದೇ ಏಟು. ‘ಬಾಳೆ ಬಿರುದ್’ ಎಂಬ ಈ ಆಚರಣೆ ವೀರಗೌರವದ ಕ್ರಮ. ಜೊತೆಗೆ ಕೈಯ ಪಳಗಿಕೆಗೂ ಕತ್ತಿಯ ಹದಕ್ಕೂ ಪರೀಕ್ಷೆ. ಬಾಳೆದಿಂಡು ಮೆತ್ತಗೆ ಕಂಡರೂ ಅದರ ತುಂಬ ನೀರು, ನಾರು. ಬಾಯಿ ಮೊಂಡಾಗಿದ್ದರೆ ಅಲಗು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ.

ಒಡಿಕತ್ತಿಯ ಅಲಗು ಅಗಲ, ಬಾಗು. ಬಾಯಿ ಇರುವುದು ಬಾಗಿನ ಒಳಬದಿಗೆ. ಅದನ್ನು ಬೆನ್ನ ಹಿಂದೆ ‘ತೊಡಂಗ್’ ಎಂಬ ಲೋಹದ ಕೊಂಡಿಗೆ ಸಿಕ್ಕಿಸಿಕೊಳ್ಳುತ್ತಾರೆ. ಮುಂದೆ ನಡುಪಟ್ಟಿಯಲ್ಲಿ ಇರುವುದು ಬೆಳ್ಳಿ ಕುಸುರಿಯ ಪೀಚೆಕತ್ತಿ. ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್ ಹಬ್ಬದಲ್ಲಿ ಇವೆಲ್ಲ ಕೋವಿಯ ಜೊತೆ ಪೂಜೆಗೆ ಕೂರುತ್ತವೆ. ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದ ಇಂಥ ಕತ್ತಿಗಳೇ ನಮ್ಮ ನಾಡಿನ ಮೊದಲ ಸಂಗ್ರಹಗಳು.

ಇಂದಿನ ಸಂಗ್ರಹಕಾರರು ಅಷ್ಟಕ್ಕೇ ನಿಲ್ಲುವುದಿಲ್ಲ. ಗುಜರಾತಿನ ಕಚ್ಛ್‌ನಲ್ಲಿ ಭುಜ್ ಹತ್ತಿರದ ರೇಹಾ ಚಾಕು ಚೂರಿಗೆ ಹೆಸರಾದ ಊರು; ಅಲ್ಲಿನ ಕೆಲಸವನ್ನೂ ಹುಡುಕಿ ತರುವವರಿದ್ದಾರೆ. ಕುಲುಮೆಗೇ ಹೋಗಿ, ಉಕ್ಕು, ಅಳತೆ, ಹಿಡಿಯ ಮರ ಎಲ್ಲವನ್ನೂ ಮಾತಾಡಿಕೊಂಡು ಮಾಡಿಸುವುದು ಇನ್ನೊಂದು ಬಗೆ. ನಮ್ಮ ಕಮ್ಮಾರರು ಹೆಚ್ಚಾಗಿ ಬಳಸುವುದು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ. ಸಾವಿರಾರು ಸಲ ಬಾಗಿ ನೆಟ್ಟಗಾಗಲೆಂದೇ ತಯಾರಾದ ಉಕ್ಕು ಅದು.

ಚೂರಿಯ ಜಾಣತನವೆಲ್ಲ ಇರುವುದು ಎರಡು ಗುಣಗಳ ಹೊಂದಾಣಿಕೆಯಲ್ಲಿ. ಗಡಸಾದ ಉಕ್ಕು ಮೊನಚನ್ನು ಬಹಳ ಹೊತ್ತು ಉಳಿಸಿಕೊಳ್ಳುತ್ತದೆ, ಆದರೆ ಏಟಿಗೆ ಚಕ್ಕೆ ಹಾರುತ್ತದೆ. ಮೆದುವಾದದ್ದು ಏಟು ತಾಳುತ್ತದೆ, ಆದರೆ ಬಾಯಿ ಬೇಗ ಮಡಚಿಕೊಳ್ಳುತ್ತದೆ. ಕಮ್ಮಾರ ಅಲಗನ್ನು ಅಯಸ್ಕಾಂತಕ್ಕೆ ಅಂಟದಷ್ಟು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾನೆ. ಆಗ ಅದು ಕೈಜಾರಿ ಬಿದ್ದರೂ ಒಡೆಯುವಷ್ಟು ಗಡಸು. ಮತ್ತೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಟ್ಟು ಹದಕ್ಕೆ ತರಬೇಕು. ಉಜ್ಜಿದ ಅಲಗಿನ ಮೇಲೆ ತಿಳಿ ಹಳದಿ ಬಣ್ಣ ಏರಿದಾಗ ಬಾಯಿ ಹದಕ್ಕೆ ಬಂದಿದೆ ಎಂದರ್ಥ. ಬೆನ್ನನ್ನು ನೀಲಿಯಾಗುವವರೆಗೆ ಕಾಯಿಸಿದರೆ ಅಲ್ಲಿ ಬಾಗುವ ಗುಣ ಬರುತ್ತದೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಹಿತ್ತಾಳೆ ಸರಳೊಂದನ್ನು ಅಲುಗದಂತೆ ಬಿಗಿದು, ಚೂರಿಯ ಬಾಯನ್ನು ಅದರ ಮೇಲೆ ಓರೆಯಾಗಿ ಒತ್ತಿ ಎಳೆಯುವುದು. ಬೆಳಕಿಗೆ ಹಿಡಿದು ನೋಡಿದರೆ ಬಾಯಿ ಸರಳಿನ ಮೇಲೆ ಕೂದಲೆಳೆಯಷ್ಟು ಬಾಗುವುದು ಕಾಣುತ್ತದೆ. ಬಾಗಿ ಹಿಂದಿರುಗಿದರೆ ಹದ ಸರಿ. ಬಾಗಿದ್ದು ಬಾಗಿಯೇ ಉಳಿದರೆ ಮೆದು, ಚಕ್ಕೆ ಎದ್ದರೆ ಅತಿ ಗಡಸು.

ಅಮೆರಿಕದಲ್ಲಿ ಬಿಲ್ ಮೊರಾನ್ ಮುಂದಾಳುತನದಲ್ಲಿ 1976ರಲ್ಲಿ ಹುಟ್ಟಿದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಹದ ನೋಡುವುದನ್ನೇ ಕಟ್ಟುನಿಟ್ಟಿನ ಪರೀಕ್ಷೆ ಮಾಡಿದೆ. ಅಭ್ಯರ್ಥಿ ತಾನೇ ಬಡಿದ ಚೂರಿಯಿಂದ ತೂಗುಬಿಟ್ಟ ಒಂದಿಂಚು ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು; ಮರದ ತುಂಡನ್ನು ಎರಡು ಸಲ ಕಡಿದು ತುಂಡು ಮಾಡಬೇಕು; ಆಮೇಲೂ ಅದೇ ಬಾಯಿ ತೋಳಿನ ರೋಮ ಬೋಳಿಸಬೇಕು. ಕೊನೆಗೆ ಚೂರಿಯನ್ನು ಬಿಗಿದು 90 ಡಿಗ್ರಿ ಬಾಗಿಸುತ್ತಾರೆ. ಅದು ಎರಡು ತುಂಡಾಗಕೂಡದು. ಅಷ್ಟಾದ ಮೇಲೆ ಆ ಚೂರಿ ಬಳಕೆಗೆ ಬಾರದು, ಮಾಡಿದವನಿಗೆ ಅರ್ಹತೆ ಮಾತ್ರ ಉಳಿಯುತ್ತದೆ.

ಈ ವಿದ್ಯೆಗೆ ನಮ್ಮ ನೆಲದಲ್ಲಿ ದೊಡ್ಡ ಇತಿಹಾಸವಿದೆ. ಹೊರಗಿನವರು ವೂಟ್ಸ್ ಎಂದು ಕರೆದ ಉಕ್ಕನ್ನು ಮೈಸೂರು ಸೀಮೆಯಲ್ಲಿ ಕರಗಿಸುತ್ತಿದ್ದುದನ್ನು 1800ರಲ್ಲಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟಿದ್ದಾನೆ: ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಹಸಿರೆಲೆ ಹಾಕಿ ಮುಚ್ಚಿ ಕಾಯಿಸುವುದು. ಕಡ್ಡಿ, ಎಲೆಗಳ ಇಂಗಾಲ ಕಬ್ಬಿಣಕ್ಕೆ ಇಳಿದು ಉಕ್ಕಾಗುತ್ತಿತ್ತು. ಅದರ ಗುಟ್ಟು ತಿಳಿಯಲು ಮೈಕೇಲ್ ಫ್ಯಾರಡೆ 1819ರ ಹೊತ್ತಿಗೇ ಪ್ರಯೋಗಕ್ಕಿಳಿದಿದ್ದ. ಆ ಉಕ್ಕಿನ ಅಲಗಿನ ಮೇಲೆ ಕಾಣುವ ಅಲೆಯಂಥ ಗೆರೆಗಳಿಗೆ ವೆನೇಡಿಯಂನಂಥ ಧಾತುಗಳ ಸೂಕ್ಷ್ಮ ಅಂಶ ಕಾರಣವೆಂದು ವಿಜ್ಞಾನಿ ಜಾನ್ ವರ್ಹೋವನ್, ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಜೊತೆಗೂಡಿ ತೋರಿಸಿದ್ದು 1990ರ ದಶಕದಲ್ಲಿ.

ಸಂಗ್ರಹಕ್ಕಿಳಿಯುವವರು ಕಾನೂನನ್ನೂ ತಿಳಿದಿರಬೇಕು. 2016ರ ಆಯುಧ ನಿಯಮಗಳ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿದ್ದರೆ ಅದು ಆಯುಧಗಳ ಪಟ್ಟಿಗೆ ಸೇರುತ್ತದೆ. ಮನೆಗೆಲಸ, ಬೇಸಾಯದಂಥ ಬಳಕೆಗೆಂದೇ ಮಾಡಿದವುಗಳಿಗೆ ವಿನಾಯಿತಿ ಇದೆ. ದೊಡ್ಡ ಕತ್ತಿ ಮಾಡಿಸುವ ಮುನ್ನ ಪೊಲೀಸ್ ಠಾಣೆಯಲ್ಲಿ ವಿಚಾರಿಸುವುದು ಲೇಸು.

ದುಬಾರಿ ಚೂರಿಯನ್ನು ಬಾಗಿಸಿ ನೋಡಲು ಯಾರಿಗೂ ಮನಸ್ಸಾಗದು. ಅನುಭವಿ ಸಂಗ್ರಹಕಾರರು ಅದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಅದೇ ಪಟ್ಟಿಯ ಇನ್ನೊಂದು ತುಂಡನ್ನು ಅದೇ ರೀತಿ ಕಾಯಿಸಿ, ಅದ್ದಿ, ಮುರಿದು ತೋರಿಸಲು ಕಮ್ಮಾರನನ್ನು ಕೇಳುತ್ತಾರೆ. ಮುರಿದ ಜಾಗ ಸಕ್ಕರೆಯಂತೆ ಹರಳುಹರಳಾಗಿ ಮಿನುಗಿದರೆ ಉಕ್ಕು ಅತಿಯಾಗಿ ಕಾದಿದೆ, ಆ ಚೂರಿ ಬೇಡ. ಹೊಳಪಿಲ್ಲದ ಬೂದು ಬಣ್ಣ, ಕಣ್ಣಿಗೆ ಸಿಗದಷ್ಟು ಸಣ್ಣ ಕಣ ಇದ್ದರೆ ಮಾತ್ರ ಮುಂಗಡ ಕೊಡುತ್ತಾರೆ.